ಒಂದು ಚೊಂಬು ನೀರು



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕಾಲ ಬಂತೆಂದರೆ ನಮ್ಮ ಕೈಗೆ ಬಿಡುವಿಲ್ಲ. ಸೊಪ್ಪು ಮುರಿಯಬೇಕು. ಕಡ್ಡಿಗೆ ಕಟ್ಟಬೇಕು. ಬ್ಯಾರನ್‌ಗೆ ಏರಿಸಬೇಕು. ಸಂಜೆ ಹೊತ್ತಿಗೆ ಅಂಗೈಯೆಲ್ಲ ಕಪ್ಪು. ಬೆರಳಿಗೆಲ್ಲ ಅಂಟು.

ಅಂಥ ಒಂದು ಸಂಜೆ ಓದು ಕಲಿಯಲು ಬಂದ ಆಪಾ ಒಬ್ಬರು ಮೆಲ್ಲಗೆ ಕೇಳಿದರು: “ಈ ಕೈಲಿ ನಮಾಜ್ ಮಾಡ್ಬೋದಾ? ಎಷ್ಟು ತೊಳೆದ್ರೂ ಕಪ್ಪು ಹೋಗಲ್ಲ. ಅದಕ್ಕೇ ನಾಲ್ಕು ದಿನದಿಂದ ಬಿಟ್ಟೇಬಿಟ್ಟಿದೀನಿ.”

ಪಕ್ಕದಲ್ಲಿ ಕೂತಿದ್ದ ಅಕ್ಕ, “ಕೈ ಕಪ್ಪಾದ್ರೆ ದೇವರು ಬೇಡ ಅಂತಾನಾ? ಅದೇನು ಅಂತ ನಮಗೂ ತಿಳೀಲಿ” ಅಂದರು.

ಬನ್ನಿ, ಎಲ್ಲರೂ ತಿಳಿಯೋಣ.

ವುಜೂ ಎಂದರೇನು?

ದೇವಸ್ಥಾನಕ್ಕೆ ಹೋಗುವ ಮುಂಚೆ ಕೈಕಾಲು ತೊಳೆಯುತ್ತಾರೆ. ಹಾಗೆಯೇ ನಮಾಜಿಗೆ ಮುಂಚೆ ಮುಸ್ಲಿಮರು ವುಜೂ ಮಾಡುತ್ತಾರೆ. ಕುರಾನಿನ 5ನೇ ಅಧ್ಯಾಯದ 6ನೇ ವಚನದಲ್ಲಿ ಇದನ್ನು ಹೇಳಿದೆ. ಅದರಲ್ಲಿ ಮುಖ್ಯವಾದದ್ದು 4 ಕೆಲಸ. ಮುಖ ತೊಳೆಯುವುದು. ಮೊಣಕೈವರೆಗೆ ಕೈ ತೊಳೆಯುವುದು. ಒದ್ದೆ ಕೈಯಿಂದ ತಲೆ ಸವರುವುದು. ಹರಡಿನವರೆಗೆ ಪಾದ ತೊಳೆಯುವುದು. ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರು ಹಾಕಿ ಶುದ್ಧ ಮಾಡುವುದೂ ವಾಡಿಕೆ.

ಕಲೆ ಬೇರೆ, ಪದರ ಬೇರೆ

ವುಜೂವಿನ ನೀರು ಚರ್ಮಕ್ಕೆ ತಾಗಬೇಕು. ಉಗುರಿನ ಬಣ್ಣ, ಒಣಗಿದ ಹಿಟ್ಟು, ಗಟ್ಟಿ ಅಂಟು ಚರ್ಮದ ಮೇಲೆ ಪದರವಾಗಿ ಕೂರುತ್ತವೆ. ನೀರನ್ನು ತಡೆಯುತ್ತವೆ. ಅದನ್ನು ತೆಗೆಯಬೇಕು. ಮದರಂಗಿ ಹಾಗಲ್ಲ. ಅದು ಬರೀ ಬಣ್ಣ. ನೀರನ್ನು ತಡೆಯುವುದಿಲ್ಲ.

ಹೊಗೆಸೊಪ್ಪಿಗೂ ಇದೇ ಮಾತು. ಸೋಪು ಹಚ್ಚಿ ಉಜ್ಜಿ ಅಂಟು ಬಿಡಿಸಿ. ಆಮೇಲೆ ಉಳಿದ ಕಪ್ಪು ಕಲೆಗೆ ಹೆದರಬೇಡಿ. ಕೈ ತೊಳೆಯುವುದು ಮೈಗೂ ಒಳ್ಳೆಯದು. ಹಸಿ ಸೊಪ್ಪಿನ ವಿಷ ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ ಬರುತ್ತದೆ.

ಬಿಟ್ಟುಹೋದ ನಮಾಜನ್ನು ಆಮೇಲೆ ಮಾಡಿ ತೀರಿಸಬಹುದು. ಅದಕ್ಕೆ ಕಜಾ ಎನ್ನುತ್ತಾರೆ.

ಎಷ್ಟು ನೀರು ಬೇಕು?

ಕೆ.ಆರ್. ನಗರದಲ್ಲಿ ಕಾವೇರಿ ಇದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಇದೆ. ಎಚ್.ಡಿ. ಕೋಟೆಯಲ್ಲಿ ಕಬಿನಿ ಇದೆ. ಆದರೂ ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ತರುವವರು ಹೆಂಗಸರೇ. ನೀರಿನ ಬೆಲೆ ನಮಗೆ ಗೊತ್ತು.

ಪ್ರವಾದಿ ಮುಹಮ್ಮದರು ಒಂದು ‘ಮುದ್’ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು. ಅಂದರೆ ಮುಕ್ಕಾಲು ಲೀಟರಿನ ಆಸುಪಾಸು. ಒಂದು ಚೊಂಬು ನೀರು ಸಾಕು ಎಂದಾಯಿತು. ಒಂದು ಸಲ ಸರಿಯಾಗಿ ತೊಳೆದರೂ ವುಜೂ ಆಗುತ್ತದೆ. ಮೂರು ಸಲ ತೊಳೆಯುವುದು ವಾಡಿಕೆ. ಅದಕ್ಕಿಂತ ಹೆಚ್ಚು ಬೇಡ.

ನೀರೇ ಸಿಗದಿದ್ದರೆ? ಕಾಯಿಲೆಯಿಂದ ನೀರು ಮುಟ್ಟಬಾರದು ಎಂದಿದ್ದರೆ? ಅದಕ್ಕೂ ದಾರಿ ಇದೆ. ಶುದ್ಧವಾದ ಮಣ್ಣಿಗೆ ಕೈ ತಾಗಿಸಿ, ಮುಖ, ಕೈ ಸವರಿಕೊಳ್ಳುವುದು. ಇದಕ್ಕೆ ತಯಮ್ಮುಮ್ ಎಂದು ಹೆಸರು.

ಅನುಮಾನದ ಕಾಟ

ಕೆಲವರಿಗೆ ಅನುಮಾನ ಬಿಡುವುದಿಲ್ಲ. “ಮೊಣಕೈ ಒದ್ದೆ ಆಯ್ತೋ ಇಲ್ವೋ? ವುಜೂ ಮುರೀತೋ ಏನೋ?” ಎಂದು ಮತ್ತೆ ಮತ್ತೆ ತೊಳೆಯುತ್ತಾರೆ. ವುಜೂ ಮಾಡಿದ್ದು ಖಂಡಿತ ಇದ್ದು, ಮುರಿದದ್ದು ಬರೀ ಅನುಮಾನ ಆದರೆ, ವುಜೂ ಇದ್ದಂತೆಯೇ ಲೆಕ್ಕ.

ಮುಟ್ಟಾದ ದಿನಗಳಲ್ಲಿ ಹೆಂಗಸರಿಗೆ ನಮಾಜ್ ಇಲ್ಲ. ಆ ನಮಾಜನ್ನು ಆಮೇಲೆ ತೀರಿಸಬೇಕಾಗಿಯೂ ಇಲ್ಲ. ಅದು ಪಾಪ ಅಲ್ಲ. ದೇಹದ ಸಹಜ ಧರ್ಮ. ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡು ಮತ್ತೆ ಶುರು ಮಾಡುವುದು. ಮಗು ಬಟ್ಟೆ ಮೇಲೆ ಉಚ್ಚೆ ಹೊಯ್ದರೆ ಆ ಭಾಗ ತೊಳೆದರೆ ಆಯಿತು.

ಮನಸ್ಸು ಎಲ್ಲಿ?

ಕೈ ತೊಳೆದದ್ದಾಯಿತು. ಮನಸ್ಸು? ಅದು ಒಲೆ ಮೇಲಿನ ಅನ್ನದಲ್ಲಿ, ತೀರದ ಸಾಲದಲ್ಲಿ ಇರುತ್ತದೆ. ನಮ್ಮೆಲ್ಲರ ಕತೆಯೂ ಅದೇ.

ಇದಕ್ಕೆ ಹಿರಿಯರು ಹೇಳಿದ ಉಪಾಯ ಸುಲಭ. ಹಸಿವಾಗಿದ್ದು, ಊಟ ಮುಂದಿದ್ದರೆ ಮೊದಲು ಉಣ್ಣಿ. ಮೂತ್ರ ತಡೆದುಕೊಂಡು ನಿಲ್ಲಬೇಡಿ. ಹಣೆ ಇಡುವ ಜಾಗದ ಮೇಲೆ ಕಣ್ಣಿಡಿ. ಹೇಳುವ ಮಾತಿನ ಅರ್ಥ ತಿಳಿದುಕೊಳ್ಳಿ. ನಮಾಜಿನಲ್ಲಿ ಹೇಳುವ ಅಲ್ ಫಾತಿಹಾದಲ್ಲಿ ಇರುವುದು 7 ವಚನ. ಕುರಾನಿನ ಅನುವಾದ ಕನ್ನಡದಲ್ಲೂ ಇದೆ. ಈಗ ನಿಮಗೆ ಓದು ಬಂದಿದೆ. ದಿನಕ್ಕೊಂದು ಸಾಲಿನ ಅರ್ಥ ಓದಿದರೆ ಒಂದು ವಾರಕ್ಕೆ ಮುಗಿಯುತ್ತದೆ.

ಮಗು ಅತ್ತರೆ ನಮಾಜ್ ಕೆಟ್ಟಿತು ಎಂದು ಕೊರಗಬೇಡಿ. ಪ್ರವಾದಿಯವರು ಎಲ್ಲರ ಮುಂದೆ ನಿಂತು ನಮಾಜ್ ಮಾಡಿಸುವಾಗ ಮಗುವಿನ ಅಳು ಕೇಳಿದರೆ ನಮಾಜನ್ನು ಚಿಕ್ಕದು ಮಾಡುತ್ತಿದ್ದರು. ತಾಯಿಯ ಸಂಕಟ ಅವರಿಗೆ ತಿಳಿಯುತ್ತಿತ್ತು. ಮೊಮ್ಮಗಳನ್ನು ಎತ್ತಿಕೊಂಡೇ ನಮಾಜ್ ಮಾಡಿದ್ದೂ ಉಂಟು.

ಇದನ್ನೆಲ್ಲ ಕೇಳಿ ಆಪಾ ತಮ್ಮ ಕೈ ನೋಡಿಕೊಂಡರು. “ಹಂಗಾದ್ರೆ ಈ ಕೈ ಕೊಳಕಲ್ಲ. ದುಡಿದ ಕೈ” ಅಂದರು.

ಮಾಡಿ ನೋಡೋಣ

ನಲ್ಲಿ ಕೆಳಗೆ ಒಂದು ಬಕೆಟ್ ಇಡಿ. ನಲ್ಲಿ ಬಿಟ್ಟು ಕೈಕಾಲು, ಮುಖ ತೊಳೆಯಿರಿ. ಬಕೆಟ್ಟಿನಲ್ಲಿ ನಿಂತ ನೀರು ಎಷ್ಟು ಚೊಂಬು? ಅಳೆಯಿರಿ. ನಾಳೆ ಒಂದೇ ಚೊಂಬಿನಲ್ಲಿ ತೊಳೆದು ನೋಡಿ. ಉಳಿದ ನೀರಿನ ಲೆಕ್ಕವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.