ಸದ್ದಿಲ್ಲದೆ ಬರುವ ಯಕೃತ್ತಿನ ರೋಗ

ಕಾಮಾಲೆಯೆಂದರೆ ಕಣ್ಣು ಹಳದಿಯಾಗುವ ರೋಗವೆಂದು ತಾವೆಲ್ಲರೂ ಬಲ್ಲಿರಿ. ಆದರೆ ಹೆಪಟೈಟಿಸ್ ಸಿ ಅಂಥ ಗುರುತು ತೋರಿಸಿ ಬರುವುದು ವಿರಳ. 1989ರಲ್ಲಿ ಪತ್ತೆಯಾದ ಇದರ ವೈರಸ್ 20-30 ವರ್ಷ ಯಕೃತ್ತಿನಲ್ಲಿ ಅಡಗಿದ್ದು, ಅದನ್ನು ಗಡುಸಾಗಿಸಬಲ್ಲುದು. ಕೆಲವರಲ್ಲಿ ಕ್ಯಾನ್ಸರಿಗೂ ದಾರಿಯಾದೀತು.

ಇದು ಹರಡುವುದು ಮುಖ್ಯವಾಗಿ ರಕ್ತದಿಂದ: ಶುದ್ಧಿಮಾಡದ ಸೂಜಿ, ಹಚ್ಚೆಯ ಮೊನೆ, ಪರೀಕ್ಷಿಸದ ರಕ್ತ, ಇನ್ನೊಬ್ಬರ ಕ್ಷೌರದ ಬ್ಲೇಡು. ಒಂದೇ ಪಂಕ್ತಿಯಲ್ಲಿ ಉಂಡರೆ, ಮಗುವನ್ನು ಎತ್ತಿ ಮುದ್ದಾಡಿದರೆ ಹರಡದು. ಆದುದರಿಂದ ರೋಗಿಗೆ ಬೇರೆ ತಟ್ಟೆ, ಲೋಟ ಇಡುವುದರಿಂದ ಅವರ ಮನಸ್ಸು ನೋಯುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಪ್ರತ್ಯೇಕವಿರಲಿ.

ರಕ್ತಪರೀಕ್ಷೆ ಎರಡು ಹಂತದ್ದು. ಸೋಂಕು ಎಂದಾದರೂ ತಗಲಿತ್ತೇ ಎಂಬುದನ್ನು ಮೊದಲನೆಯದೂ, ವೈರಸ್ ಈಗಲೂ ಇದೆಯೇ ಎಂಬುದನ್ನು ಎರಡನೆಯದೂ ತಿಳಿಸುತ್ತವೆ. ಇದ್ದರೆ ಎದೆಗುಂದಬೇಡಿ. ವೈದ್ಯರು ಹೇಳಿದಂತೆ ಸಾಮಾನ್ಯವಾಗಿ 12 ವಾರ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ, ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಉಚಿತ.

ಮದ್ಯವನ್ನು ಬಿಡಿ. ಕಾಮಾಲೆಯ ನಾಟಿಮದ್ದನ್ನು ನಂಬಿ ದಿನ ಕಳೆಯಬೇಡಿ. ಗುಣವಾದವರಿಗೂ ಸೋಂಕು ಮತ್ತೆ ತಗಲಬಹುದಾದ್ದರಿಂದ ಎಚ್ಚರ ಬೇಕು. ಹಿಂದೆಂದಾದರೂ ರಕ್ತ ಪಡೆದಿದ್ದರೆ ಅಥವಾ ಸೂಜಿಯ ವಿಷಯದಲ್ಲಿ ಸಂದೇಹವಿದ್ದರೆ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.