ಆ ಕರೆ ಎಲ್ಲಿಂದ ಬಂತು?

ರಾತ್ರಿ ಹಲ್ಲುನೋವು ಶುರುವಾದವರು ಈಗ ಪಕ್ಕದ ಮನೆಯವರನ್ನು ಕೇಳುವುದು ಕಡಿಮೆ. ಮೊಬೈಲ್ ತೆಗೆದು ‘ಹತ್ತಿರದ ಡೆಂಟಿಸ್ಟ್’ ಎಂದು ಹುಡುಕುತ್ತಾರೆ. ಮ್ಯಾಪಿನ ಜೊತೆಗೆ ಮೂರು ಹೆಸರು ಕಾಣುತ್ತವೆ. ಎಷ್ಟು ಸ್ಟಾರ್ ಇದೆ ಎಂದು ನೋಡಿ, ಒಂದೆರಡು ರಿವ್ಯೂ ಓದಿ, ಕಾಲ್ ಬಟನ್ ಒತ್ತುತ್ತಾರೆ. ಎಷ್ಟೋ ಜನ ವೆಬ್‌ಸೈಟ್ ತೆರೆಯುವ ಗೋಜಿಗೂ ಹೋಗುವುದಿಲ್ಲ.

ಫೋನ್ ಎತ್ತಿಕೊಂಡ ವೈದ್ಯರಿಗೆ ಮಾತ್ರ ಈ ಕಥೆ ಗೊತ್ತಾಗುವುದಿಲ್ಲ. ಕರೆ ಮಾಡಿದವರು ಗೂಗಲ್ ನೋಡಿದರೋ, ಜಸ್ಟ್ ಡಯಲ್ ನೋಡಿದರೋ, ಬಸ್ ಸ್ಟ್ಯಾಂಡಿನ ಬೋರ್ಡ್ ನೋಡಿದರೋ? ವೈದ್ಯರು ಎಲ್ಲದಕ್ಕೂ ದುಡ್ಡು ಸುರಿದಿರುತ್ತಾರೆ, ಯಾವುದು ಫಲ ಕೊಟ್ಟಿತೆಂಬ ಲೆಕ್ಕ ಮಾತ್ರ ಇರುವುದಿಲ್ಲ.

ಸ್ಥಳೀಯ ಹುಡುಕಾಟದಲ್ಲಿ ಮೇಲೆ ಬರಲು ಮೂರು ಸಂಗತಿ ಮುಖ್ಯ ಎಂದು ಗೂಗಲ್ಲೇ ಹೇಳುತ್ತದೆ: ಹುಡುಕಿದ್ದಕ್ಕೂ ನಿಮ್ಮ ಸೇವೆಗೂ ಇರುವ ಹೊಂದಿಕೆ, ಹುಡುಕುವವರಿಂದ ಇರುವ ದೂರ ಮತ್ತು ಪ್ರಸಿದ್ಧಿ. ದೂರವನ್ನು ಬದಲಿಸಲಾಗದು. ಉಳಿದೆರಡಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂದು ಬಂದು, 2021ರಲ್ಲಿ ಈ ಹೆಸರು ಪಡೆದ ಉಚಿತ ಸೇವೆ ಇದು. ಅಲ್ಲಿ ಕರೆಗಳ ಅಂಕಿಯೂ ಸಿಗುತ್ತದೆ. ಆದರೆ ಅದು ಕಾಲ್ ಬಟನ್ ಒತ್ತಿದವರ ಎಣಿಕೆ ಅಷ್ಟೇ. ಫೋನ್ ಎತ್ತಿದಿರಾ, ಏನು ಮಾತಾಯಿತು ಎಂಬುದು ಅದರಲ್ಲಿಲ್ಲ. ನಂಬರ್ ನೋಡಿಕೊಂಡು ಬೇರೆ ಫೋನಿನಿಂದ ಮಾಡಿದವರೂ ಅದರಲ್ಲಿಲ್ಲ. ಕೆಲವು ದೇಶಗಳಲ್ಲಿ ಗೂಗಲ್ ಕೊಡುತ್ತಿದ್ದ ಕಾಲ್ ಹಿಸ್ಟರಿ ಸೌಲಭ್ಯವೂ 2024ರ ಜುಲೈ 31ಕ್ಕೆ ನಿಂತುಹೋಯಿತು.

ಈ ಕೊರತೆಯನ್ನು ತುಂಬುವುದೇ ಕಾಲ್ ಟ್ರ್ಯಾಕಿಂಗ್, ಅಂದರೆ ಒಂದೊಂದು ಜಾಹೀರಾತಿಗೂ ಬೇರೆ ಬೇರೆ ನಂಬರ್ ಕೊಟ್ಟು ಕರೆ ಎಲ್ಲಿಂದ ಬಂತೆಂದು ತಿಳಿಯುವುದು. ಇದರ ಮೂಲ ವಿಚಾರ ಹಳೆಯದು. ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ 1923ರಲ್ಲೇ, ಪ್ರತಿ ಜಾಹೀರಾತಿನ ಕೂಪನ್ನಿಗೂ ಗುರುತು ಹಾಕಿ ಯಾವುದಕ್ಕೆ ಎಷ್ಟು ಉತ್ತರ ಬಂತೆಂದು ಎಣಿಸಬೇಕು ಎಂದು ಪಟ್ಟುಹಿಡಿದು ಬರೆದಿದ್ದರು. ಫೋನಿನ ಕಾಲಕ್ಕೆ ಬಂದರೆ, ನಮ್ಮ ಬೆಂಗಳೂರಿನ ಜಿಪ್‌ಡಯಲ್ ಕಂಪನಿ ಮಿಸ್ಡ್ ಕಾಲನ್ನೇ ಮಾರ್ಕೆಟಿಂಗ್ ಸಾಧನ ಮಾಡಿಕೊಂಡಿತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು.

ಹುಬ್ಬಳ್ಳಿಯಲ್ಲಿ ಒಂದು ದಂತ ಚಿಕಿತ್ಸಾಲಯ ಇದೆ ಎಂದುಕೊಳ್ಳಿ. ಗೂಗಲ್ ಪ್ರೊಫೈಲಿಗೆ ಒಂದು ನಂಬರ್, ವೆಬ್‌ಸೈಟಿಗೆ ಇನ್ನೊಂದು, ಪತ್ರಿಕೆಯ ಜಾಹೀರಾತಿಗೆ ಮತ್ತೊಂದು. ಮೂರರಲ್ಲಿ ಯಾವುದಕ್ಕೆ ಕರೆ ಮಾಡಿದರೂ ಅದು ರಿಸೆಪ್ಷನ್ನಿನ ಅದೇ ಫೋನಿಗೆ ಬರುತ್ತದೆ. ಎತ್ತಿದವರ ಕಿವಿಗೆ ಮೊದಲು ‘ಗೂಗಲ್ ಕರೆ’ ಎಂಬ ಸಣ್ಣ ದನಿ ಕೇಳಿಸುವಂತೆಯೂ ಮಾಡಬಹುದು. ಆಮೇಲೆ, “ರವಿವಾರ ಚಾಲೂ ಇರತೈತೇನ್ರಿ?” “ರೂಟ್ ಕೆನಾಲಿಗೆ ಎಷ್ಟ ಆಗತೈತ್ರಿ?” ಇಂಥವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿದ್ದರೆ, ಭಾನುವಾರದ ಸಮಯವನ್ನು ಪ್ರೊಫೈಲಿಗೆ ಹಾಕಬೇಕು, ರೂಟ್ ಕೆನಾಲ್ ಬಗ್ಗೆ ಕನ್ನಡದಲ್ಲೇ ಒಂದು ಪುಟ ಬರೆಯಬೇಕು. ಗ್ರಾಹಕರು ನಿಜವಾಗಿ ಆಡುವ ಮಾತು ಹೀಗೆ ಹುಡುಕಾಟಕ್ಕೆ ಸಿಗುವ ಬರಹವಾಗುತ್ತದೆ. ಕಾಲ್ ಟ್ರ್ಯಾಕಿಂಗಿನ ದೊಡ್ಡ ಲಾಭ ಇದೇ. ಎಣಿಕೆ ಆಮೇಲಿನ ಮಾತು.

ಆದರೂ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಮೇಲೆ ಬರುವಂತೆ ಮಾಡುವ ಕೆಲಸದಲ್ಲಿರುವ ಹಲವರು ಇದಕ್ಕೆ ಬಹುಕಾಲ ಹಿಂಜರಿದರು. ಕಾರಣವಿದೆ. ಹೆಸರು, ವಿಳಾಸ, ಫೋನ್ ನಂಬರ್ ಮೂರೂ ಎಲ್ಲ ಕಡೆ ಒಂದೇ ಇರಬೇಕೆಂಬುದು ಈ ವೃತ್ತಿಯ ಮೊದಲ ಪಾಠ. ಮ್ಯಾಪಿನಲ್ಲಿ ಒಂದು ನಂಬರ್, ಡೈರೆಕ್ಟರಿಯಲ್ಲಿ ಇನ್ನೊಂದು, ಫೇಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ಇದು ಒಂದೇ ಅಂಗಡಿಯೋ ಮೂರೋ ಎಂಬ ಗೊಂದಲ ಯಂತ್ರಕ್ಕೂ ಗ್ರಾಹಕರಿಗೂ ಆಗುತ್ತದೆ.

ದಾರಿ ಇಲ್ಲದಿಲ್ಲ. ಗೂಗಲ್ ಪ್ರೊಫೈಲಿನಲ್ಲಿ ಮುಖ್ಯ ನಂಬರಿನ ಜೊತೆ ಹೆಚ್ಚುವರಿ ನಂಬರುಗಳಿಗೂ ಜಾಗವಿದೆ. ಟ್ರ್ಯಾಕಿಂಗ್ ನಂಬರನ್ನು ಮುಖ್ಯ ಮಾಡಿ, ಹಳೆಯ ನಂಬರನ್ನು ಹೆಚ್ಚುವರಿಯಾಗಿ ಉಳಿಸಿದರೆ ಹಳೆಯ ಸಂಬಂಧ ಕಡಿಯುವುದಿಲ್ಲ. ವೆಬ್‌ಸೈಟಿನಲ್ಲಿ ಪುಟದ ಮೂಲ ಬರಹದಲ್ಲಿ ಹಳೆಯ ನಂಬರೇ ಇರಲಿ. ನೋಡುಗರು ಎಲ್ಲಿಂದ ಬಂದರೆಂದು ತಿಳಿದು, ಅವರ ಪರದೆಯ ಮೇಲೆ ಮಾತ್ರ ನಂಬರ್ ಬದಲಿಸುವ ಸಣ್ಣ ಕೋಡ್ ಸಾಕು. ಡೈರೆಕ್ಟರಿಗಳಲ್ಲಿ ಎಲ್ಲ ಕಡೆ ಒಂದೇ ಖಾಯಂ ನಂಬರ್ ಕೊಡಬೇಕು. ಹುಬ್ಬಳ್ಳಿಯ ಕ್ಲಿನಿಕ್ಕಿಗೆ 0836, ಮೈಸೂರಿನದಕ್ಕೆ 0821 ಹೀಗೆ ಊರಿನ ಕೋಡ್ ಇರುವ ನಂಬರ್ ಸಿಕ್ಕಿದರೆ ಬಿಡಬಾರದು, ಅದು ನಮ್ಮೂರಿನದೇ ಎಂದು ಜನ ನಂಬುತ್ತಾರೆ. ಇನ್ನೊಂದು ಎಚ್ಚರ: ಬಾಡಿಗೆಗೆ ಪಡೆದ ನಂಬರನ್ನು ಕೆಲವು ತಿಂಗಳಲ್ಲೇ ಬಿಟ್ಟುಕೊಟ್ಟರೆ, ಅದನ್ನು ಸೇವ್ ಮಾಡಿಟ್ಟುಕೊಂಡ ರೋಗಿಯ ಕರೆ ಇನ್ನಾರದೋ ಮನೆಗೆ ಹೋಗಬಹುದು. ಮೊದಲೇ ಕೇಳಿ ಒಪ್ಪಂದ ಮಾಡಿಕೊಳ್ಳುವುದು ಲೇಸು.

ಕರೆ ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಲೇಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಕಾಯಿಲೆಯ ವಿಷಯ ಮಾತಾಡುವವರ ದನಿ ಅವರಿಗೆ ತಿಳಿಯದೆ ಯಾವುದೋ ಕಂಪ್ಯೂಟರಿನಲ್ಲಿ ಉಳಿಯುವುದು ಸಲ್ಲದು.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಫೋನ್ ಎತ್ತುವವರಿಲ್ಲದಿದ್ದರೆ ಮ್ಯಾಪಿನಲ್ಲಿ ಮೊದಲ ಸ್ಥಾನ ಬಂದೂ ಪ್ರಯೋಜನವಿಲ್ಲ. ಕರೆ ಎತ್ತದಿದ್ದರೆ ಜನ ಪಟ್ಟಿಯ ಎರಡನೇ ಹೆಸರಿಗೆ ಹೋಗುತ್ತಾರೆ. ಹಾಗಾಗಿ ಯಾವ ಸೇವೆಗೂ ದುಡ್ಡು ಕಟ್ಟುವ ಮೊದಲು, ಅಂಗಡಿ ಇಟ್ಟವರು ಇಂದೇ ಬೇರೊಂದು ಮೊಬೈಲಿನಲ್ಲಿ ತಮ್ಮ ಅಂಗಡಿಯ ಹೆಸರು ಹುಡುಕಿ, ಅಲ್ಲಿ ಕಾಣುವ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಲಿ.