ಬೋರ್ಡೋ ಹೊಡೆಯುವ ಊರಿನಿಂದ ದ್ರಾಕ್ಷಿ ತೋಟಕ್ಕೆ

ಮಳೆ ಹಿಡಿಯುವ ಮೊದಲು ಶೃಂಗೇರಿ ಬಳಿಯ ನಮ್ಮೂರು ಕಿಗ್ಗದ ಅಡಿಕೆ ತೋಟಗಳ ಅಂಚಿನಲ್ಲಿ ನೀಲಿ ಕಲೆ ಹತ್ತಿದ ಡ್ರಮ್ಮುಗಳು ಕಾಣಿಸುತ್ತವೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹದ ಸರಿಯಾಯಿತೇ ಎಂದು ನೋಡಲು ನನ್ನ ಚಿಕ್ಕಪ್ಪ ಕತ್ತಿಯ ತುದಿಯನ್ನು ಅದ್ದಿ ಹಿಡಿಯುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಡಿಕೆಗೆ ಹೊಡೆಯುವ ಈ ದ್ರಾವಣವನ್ನು ನಾವೆಲ್ಲ ಬೋರ್ಡೋ ಎನ್ನುತ್ತಿದ್ದೆವು. ಅದೊಂದು ಊರಿನ ಹೆಸರು, ಅದರಲ್ಲೂ ವೈನಿನ ಊರಿನ ಹೆಸರು ಎಂದು ಯಾರೂ ಹೇಳಿರಲಿಲ್ಲ.

ಈಗ ನಂದಿ ಬೆಟ್ಟದ ತಪ್ಪಲಿನ ವೈನರಿಯೊಂದರಲ್ಲಿ ವೈನ್ ಮಾಡುವುದು ನನ್ನ ಕೆಲಸ. ಊರಿಗೆ ಹೋದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳುವವರಲ್ಲಿ ಬಹಳ ಮಂದಿ ವೈನ್ ಕುಡಿಯುವವರಲ್ಲ. ಕುಡಿಯಿರಿ ಎಂದು ಅವರಿಗೆ ಹೇಳುವ ಉದ್ದೇಶ ನನಗೂ ಇಲ್ಲ. ಆದರೆ ತೋಟ ಮಾಡುವವರು ಇನ್ನೊಂದು ತೋಟದ ವಿಷಯವನ್ನು ತಪ್ಪಾಗಿ ತಿಳಿದುಕೊಂಡಿದ್ದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ತಪ್ಪು ಕಲ್ಪನೆ: ವೈನ್ ಪರದೇಶದ ವಿದ್ಯೆ, ನಮಗೂ ಅದಕ್ಕೂ ಸಂಬಂಧವಿಲ್ಲ

ವಾಸ್ತವ: ಸಂಬಂಧ ಆ ಡ್ರಮ್ಮಿನಲ್ಲೇ ಇದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಎರಚುತ್ತಿದ್ದರು. ನೋಡಿದರೆ ವಿಷದಂತೆ ಕಾಣಬೇಕು, ಅಷ್ಟೇ ಅವರ ಲೆಕ್ಕಾಚಾರ. 1882ರಲ್ಲಿ ಪಿಯರ್ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಬೂಜು ರೋಗ ಬಡಿದ ತೋಟಗಳಲ್ಲಿ ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿರುವುದನ್ನು ಕಂಡರು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ 1910ರಲ್ಲಿ ಹೊರತಂದ ಪುಸ್ತಿಕೆಯ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತನ್ನು ಉಳಿಸಿಕೊಂಡರು. ಅದಕ್ಕೆ ಮದ್ದಾಗಿ ಬಂದದ್ದು ಇದೇ ಬೋರ್ಡೋ ದ್ರಾವಣ. ದ್ರಾಕ್ಷಿಯ ಬೂಜು ರೋಗಕ್ಕೂ ಅಡಿಕೆಯ ಕೊಳೆಗೂ ಕಾರಣವಾಗುವ ಜೀವಿಗಳು ದೂರದ ದಾಯಾದಿಗಳು. ಎರಡಕ್ಕೂ ಒದ್ದೆ ಬೇಕು, ಎರಡೂ ತಾಮ್ರಕ್ಕೆ ಹೆದರುತ್ತವೆ. ಅಲ್ಲಿನ ದ್ರಾಕ್ಷಿ ಬೆಳೆಗಾರರು ಹಣ್ಣುಗಳ್ಳರಿಗೆಂದು ಕಂಡುಕೊಂಡ ಉಪಾಯವೇ ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ಅಡಿಕೆಯನ್ನು ಕಾಯುತ್ತಿದೆ.

ತಪ್ಪು ಕಲ್ಪನೆ: ಇಷ್ಟು ಮಳೆ, ಇಷ್ಟು ಫಲವತ್ತು, ಕಿಗ್ಗದಲ್ಲಿ ದ್ರಾಕ್ಷಿ ಏಕೆ ಬರಬಾರದು?

ಇದನ್ನು ಕೇಳುವವರ ಕಷ್ಟ ನನಗೆ ಗೊತ್ತು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಎಷ್ಟೋ ಮನೆಗಳ ಅಡಿಕೆಯನ್ನು ತಿಂದಿದೆ, ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಬೇರೆ ಬೆಳೆ ಏನಾದರೂ ಕೈಹಿಡಿಯಬಹುದೇ ಎಂದು ಹುಡುಕುವುದು ಸಹಜ. “ಅಲ್ಲ ಮಾರಾಯ, ಎಂತ ನೆಟ್ಟರೂ ಬರೋ ಜಾಗ ಇದು. ನಿನ್ನ ದ್ರಾಕ್ಷಿ ಮಾತ್ರ ಬರಲ್ವಾ?” ಎಂದು ಚಿಕ್ಕಪ್ಪ ಒತ್ತಾಯಿಸಿದ್ದಕ್ಕೆ ಹತ್ತು ಶಿರಾಜ್ ಸಸಿ ತಂದು ಮನೆಯ ಹಿಂದಿನ ಧರೆಯ ಮೇಲೆ ನೆಟ್ಟೆ. ಮೇ ತಿಂಗಳಲ್ಲಿ ನೋಡಲು ಚೆಂದವಿತ್ತು. ಜುಲೈ ಎರಡನೆಯ ವಾರ ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ ಬಂತು. ಎಲೆ ತಿರುಗಿಸಿ ನೋಡಿದರೆ ಅದೇ ಮಚ್ಚೆಯ ಕೆಳಗೆ ಬಿಳಿ ಹತ್ತಿಯಂಥ ಬೂಜು. ಬೋರ್ಡೋ ಹೊಡೆದೆವು. ಮಾರನೇ ದಿನದ ಮಳೆಗೆ ತೊಳೆದುಹೋಯಿತು, ಮತ್ತೆ ಹೊಡೆದೆವು. ಆಗಸ್ಟ್ ಕೊನೆಗೆ ಹತ್ತೂ ಬಳ್ಳಿ ಬೋಳು.

ವಾಸ್ತವ: ಕಿಗ್ಗದ ಋಷ್ಯಶೃಂಗೇಶ್ವರ ಮಳೆಯ ದೇವರು. ಮಳೆ ಬರಲಿ ಎಂದೂ ಬೇಡುತ್ತಾರೆ, ಬಂದ ಮಳೆ ಸಾಕು ಎಂದೂ ಬೇಡುತ್ತಾರೆ. ದ್ರಾಕ್ಷಿ ಬೆಳೆಗಾರನದು ಯಾವಾಗಲೂ ಎರಡನೆಯ ಪ್ರಾರ್ಥನೆ. ನಂದಿಯ ಸುತ್ತಮುತ್ತ ವರ್ಷಕ್ಕೆ 700–800 ಮಿ.ಮೀ. ಮಳೆ. ನಮ್ಮಲ್ಲಿ ಅಷ್ಟು ಜುಲೈ ಒಂದೇ ತಿಂಗಳಲ್ಲಿ ಸುರಿದುಹೋಗುತ್ತದೆ.

ಮಳೆ ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಎಂಬುದೂ ಮುಖ್ಯ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯಿಲ್ಲ, ವರ್ಷಪೂರ್ತಿ ಚಿಗುರುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಅದಕ್ಕೆ ಋತು ತೋರಿಸಿಕೊಡಬೇಕಾಗುತ್ತದೆ. ವಿಜಯಪುರದ ಕಡೆಯವರು ಇದನ್ನು ಚಾಟ್ನಿ ಎನ್ನುತ್ತಾರೆ: ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಏಪ್ರಿಲಿನದು ಕಡ್ಡಿ ಬೆಳೆಸಲು. ಆ ಹೊಸ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆ ಆಗಲೇ ರೂಪುಗೊಳ್ಳುತ್ತದೆ. ಅದಕ್ಕೆ ಬಿಸಿಲು ಬೇಕು, ಮೋಡ ಕವಿದರೆ ಕಣ್ಣು ಬಂಜೆಯಾಗುತ್ತದೆ. ಸೆಪ್ಟೆಂಬರ್–ಅಕ್ಟೋಬರಿನ ಕತ್ತರಿ ಹಣ್ಣಿಗಾಗಿ. ಅಲ್ಲಿಂದ ನಾಲ್ಕು ನಾಲ್ಕೂವರೆ ತಿಂಗಳು ಒಣ ಹವೆ, ಹಗಲು ಬಿಸಿಲು, ರಾತ್ರಿ ಚಳಿ ಸಿಕ್ಕರೆ ಫೆಬ್ರುವರಿ–ಮಾರ್ಚಿಗೆ ಕೊಯ್ಲು. ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಕಾಪಾಡುತ್ತದೆ. ಹುಳಿ ಇಲ್ಲದ ವೈನ್ ಎಂದರೆ ಉಪ್ಪಿಲ್ಲದ ಸಾರು.

‘ಮಳೆಗಾಲ ಮುಗಿದ ಮೇಲೆ ಕತ್ತರಿ ಹಾಕಿದರಾಯಿತಲ್ಲ’ ಎಂದವರೂ ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಆರೋಗ್ಯವಾಗಿದ್ದರೆ ಮಾತ್ರ ಬಳ್ಳಿ ಕಡ್ಡಿಯಲ್ಲೂ ಬೇರಿನಲ್ಲೂ ಆಹಾರ ಕೂಡಿಡುತ್ತದೆ. ನಮ್ಮಲ್ಲಿ ಆ ನಾಲ್ಕು ತಿಂಗಳು ಎಲೆ ಆರುವುದೇ ಇಲ್ಲ. ಅಡಿಕೆ ತೆಗೆದು ದ್ರಾಕ್ಷಿ ಹಾಕಿ ಎಂದು ಯಾರಾದರೂ ಸಸಿ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ತಪ್ಪು ಕಲ್ಪನೆ: ಅಂಗಡಿಯ ದ್ರಾಕ್ಷಿಯಿಂದಲೇ ವೈನ್ ಆಗುತ್ತದೆ

ವಾಸ್ತವ: ಆಗುತ್ತದೆ, ಆದರೆ ನೀವು ಹುಡುಕಿಕೊಂಡು ಹೋಗುವ ವೈನ್ ಅದಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ತಲೆಮಾರುಗಳಿಂದ ಬೆಳೆಯುವುದು ಬೆಂಗಳೂರು ನೀಲಿ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ರೋಗ ತಡೆಯುವ ಗಟ್ಟಿ ಜಾತಿ, ಅಮೆರಿಕದ ದ್ರಾಕ್ಷಿಯ ರಕ್ತ ಇರುವಂಥದ್ದು. ಅದರ ಪರಿಮಳ ಸಂತೆಯಲ್ಲಿ ಬುಟ್ಟಿ ಇಳಿಸಿದಾಗಲೇ ಮೂಗಿಗೆ ಬಡಿಯುತ್ತದೆ. ಜ್ಯೂಸಿಗೆ, ಜಾಮಿಗೆ, ಸಿಹಿಯಾದ ಪೋರ್ಟ್ ವೈನಿಗೆ ಅದು ಹೇಳಿಮಾಡಿಸಿದ್ದು. ನನಗೆ ತಿನ್ನಲು ಇವತ್ತಿಗೂ ಅದೇ ಇಷ್ಟ.

ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ಸೊವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ ಮುಂತಾದ ವೈನ್ ಜಾತಿಗಳ ಹಣ್ಣು ಬಟಾಣಿ ಗಾತ್ರದ್ದು, ಅದರ ತುಂಬ ಬೀಜ, ಸಿಪ್ಪೆ ದಪ್ಪ. ಕೈಗೆ ಕೊಟ್ಟರೆ ಮಕ್ಕಳು ಉಗಿಯುತ್ತಾರೆ. ಆದರೆ ರುಚಿ, ಬಣ್ಣ, ಒಗರು ಬಹುಪಾಲು ಆ ಸಿಪ್ಪೆಯಲ್ಲೇ ಇವೆ. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ ಹತ್ತು ಟನ್ ದಾಟಿಸುವವರು ಜಾಣರು. ಒಳ್ಳೆಯ ವೈನ್ ಬೇಕೆನ್ನುವವರು ನಾಲ್ಕೈದು ಟನ್ನಿಗೇ ನಿಲ್ಲಿಸಿ ಉಳಿದ ಗೊನೆಗಳನ್ನು ಕಾಯಿಯಿದ್ದಾಗಲೇ ಕತ್ತರಿಸಿ ಕೆಳಗೆ ಹಾಕುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನ್ನ ಹೊಟ್ಟೆ ಉರಿದಿತ್ತು.

ಈ ಜಾತಿಗಳನ್ನು ನಂದಿಯ ಕೆಂಪು ಮಣ್ಣಿನಲ್ಲಿ ಬೇರೂರಿಸಿದವರು ಕನ್ವಲ್ ಗ್ರೋವರ್. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವಿನ್ಯಾರ್ಡ್ಸ್ ಕಟ್ಟಿದರು, 1992ರ ಹೊತ್ತಿಗೆ ಅಲ್ಲಿನ ವೈನ್ ಹೊರಬಂತು. ಮುಂದೆ ಬೋರ್ಡೋದ ಹೆಸರಾಂತ ತಜ್ಞ ಮಿಶೆಲ್ ರೋಲಾನ್ ಅದರ ಸಲಹೆಗಾರರಾದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಸಣ್ಣ ಸಣ್ಣ ವೈನರಿಗಳೂ ಹುಟ್ಟಿಕೊಂಡವು. ನಂದಿ ಕಣಿವೆಯ ಜೊತೆಗೆ ವಿಜಯಪುರ–ಬಾಗಲಕೋಟೆಯ ಕೃಷ್ಣಾ ಕಣಿವೆಯಿದೆ, ಹಂಪಿಯ ಕಡೆಯ ಬಂಡೆಗಳ ನಡುವೆ ಕೃಷ್ಮಾ ವೈನರಿಯ ತೋಟವಿದೆ. ಒಂದೇ ಕ್ಯಾಬರ್ನೆ ಈ ಮೂರು ಕಡೆ ಮೂರು ಮಾತಾಡುತ್ತದೆ. ಅದನ್ನು ಕೇಳಿಸಿಕೊಳ್ಳಲೆಂದೇ ವೈನ್ ಸೀಮೆ ಸುತ್ತಬೇಕು.

ತಪ್ಪು ಕಲ್ಪನೆ: ಕೆಂಪು ವೈನಿಗೆ ಬಣ್ಣ ಹಾಕುತ್ತಾರೆ

ವಾಸ್ತವ: ಒಂದು ಕಪ್ಪು ದ್ರಾಕ್ಷಿಯನ್ನು ಬೆರಳಲ್ಲಿ ಹಿಂಡಿ ನೋಡಿ. ರಸ ನೀರಿನಂತಿರುತ್ತದೆ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು, ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸಿದರೆ ಅದೇ ಹಣ್ಣಿನಿಂದ ಬಿಳಿ ವೈನ್. ಕೆಂಪು ವೈನಿನ ತೊಟ್ಟಿಯಲ್ಲಿ ಸಿಪ್ಪೆಗಳು ಮೇಲೆ ತೇಲಿ ದಪ್ಪ ಹೊದಿಕೆಯಾಗುತ್ತವೆ, ದಿನಕ್ಕೆ ಎರಡು ಮೂರು ಸಲ ಅದನ್ನು ಕೆಳಗೆ ಮುಳುಗಿಸಬೇಕು. ಆ ಹೊತ್ತಿಗೆ ನೋಡಲು ಹೋದರೆ ತೊಟ್ಟಿಯ ಬಾಯಿಗೆ ಬಗ್ಗಬೇಡಿ. ಹುದುಗುವಾಗ ಏಳುವ ಇಂಗಾಲದ ಡೈಆಕ್ಸೈಡ್ ಉಸಿರು ಕಟ್ಟಿಸಿ ಆಳನ್ನೇ ಕೆಡವುತ್ತದೆ.

ತಪ್ಪು ಕಲ್ಪನೆ: ಹಳೆಯದಾದಷ್ಟೂ ಒಳ್ಳೆಯದು

ವಾಸ್ತವ: ಕೆಲವು ವೈನಿಗೆ ಮಾತ್ರ ನಿಜ, ಅದೂ ತಂಪಾದ ಕತ್ತಲಲ್ಲಿ ಮಲಗಿಸಿಟ್ಟರೆ. ನಮ್ಮ ಬಿಳಿ ವೈನುಗಳನ್ನು ಒಂದೆರಡು ವರ್ಷದೊಳಗೆ ಮುಗಿಸುವುದೇ ಸರಿ. ಯಾರೋ ತಂದುಕೊಟ್ಟ ಬಾಟಲಿಯನ್ನು ಹಂಚಿನ ಮನೆಯ ಶೋಕೇಸಿನಲ್ಲಿ ಹತ್ತು ಬೇಸಿಗೆ ಇಟ್ಟರೆ ಒಳಗಿರುವುದು ವಿನೆಗರಿಗೆ ಹತ್ತಿರ. ತಿರುಪು ಮುಚ್ಚಳ ಕಂಡರೆ ಅಗ್ಗದ ಮಾಲು ಎನ್ನುವುದೂ ಬೇಡ. ಬೇಗ ಕುಡಿಯುವ ವೈನಿನ ತಾಜಾತನ ಕಾಯಲು ಕಾರ್ಕಿಗಿಂತ ಅದೇ ಮೇಲು.

ತಪ್ಪು ಕಲ್ಪನೆ: ವೈನ್ ಔಷಧಿ, ಹೃದಯಕ್ಕೆ ಒಳ್ಳೆಯದು

ವಾಸ್ತವ: ವೈನ್ ಮಾಡಿ ಬದುಕುವವನಾಗಿ ಇದನ್ನು ನಾನೇ ಹೇಳಬೇಕು. ಆಲ್ಕೋಹಾಲ್ ಇರುವ ಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ದ್ರಾಕ್ಷಾರಿಷ್ಟವನ್ನು ತೋರಿಸಿ ‘ಇದೂ ಅದೇ ಅಲ್ಲವಾ’ ಎನ್ನುವವರಿದ್ದಾರೆ. ಅದರಲ್ಲೂ ಹುದುಗಿ ಬಂದ ಆಲ್ಕೋಹಾಲ್ ಇರುವುದು ನಿಜ, ಆದರೆ ಅದನ್ನು ವೈದ್ಯರು ಹೇಳಿದಷ್ಟು ದಿನ ಚಮಚದ ಅಳತೆಯಲ್ಲಿ ತೆಗೆದುಕೊಳ್ಳುವುದು. ಕೊಡಗಿನ ರಸ್ತೆ ಬದಿಯಲ್ಲಿ ‘ಹೋಮ್‌ಮೇಡ್’ ಎಂದು ಸಿಗುವ ಬಾಟಲಿಗಳೂ ಮನೆಯದು ಎಂಬ ಕಾರಣಕ್ಕೆ ನಿರಪಾಯವಾಗುವುದಿಲ್ಲ. ಪರವಾನಗಿ ಇಲ್ಲದೆ ಮಾರುವುದು ಅಪರಾಧ, ಒಳಗೆ ಎಷ್ಟು ಆಲ್ಕೋಹಾಲ್ ಇದೆ ಎಂಬುದು ಮಾಡಿದವರಿಗೂ ಗೊತ್ತಿರುವುದಿಲ್ಲ.

ತಪ್ಪು ಕಲ್ಪನೆ: ವೈನ್ ಸೀಮೆಗೆ ಹೋಗುವುದೆಂದರೆ ಕುಡಿಯಲು ಹೋಗುವುದು

ವಾಸ್ತವ: ರುಚಿ ನೋಡುವ ಕೋಣೆಯಲ್ಲಿ ಉಗಿಯುವ ಪಾತ್ರೆ ಇಟ್ಟಿರುತ್ತಾರೆ. ನಾನು ಕೊಯ್ಲಿನ ದಿನಗಳಲ್ಲಿ ನಲವತ್ತು ಮಾದರಿ ಬಾಯಿಗೆ ಹಾಕಿಕೊಂಡರೂ ಒಂದನ್ನೂ ನುಂಗುವುದಿಲ್ಲ. ನೀವೂ ಹಾಗೇ ಮಾಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ರುಚಿ ನೋಡುವ ಕ್ರಮ ಬಿಳಿಯದರಿಂದ ಕೆಂಪಿಗೆ, ಸಿಹಿಯದು ಕೊನೆಗೆ. ಗಾಡಿ ಓಡಿಸುವವರು ಮೂಸಿ ನೋಡಿದರೆ ಸಾಕು.

ಹೋಗುವುದಾದರೆ ಜನವರಿ ಕೊನೆಯಿಂದ ಮಾರ್ಚ್ ಒಳಗೆ, ಮೊದಲೇ ಫೋನ್ ಮಾಡಿ ಹೋಗಿ. ಶೃಂಗೇರಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ನಂದಿಗೆ 60 ಕಿ.ಮೀ. ಭೋಗನಂದೀಶ್ವರನ ದರ್ಶನ ಮುಗಿಸಿಕೊಂಡು ಬಿಸಿಲೇರುವ ಮುಂಚೆ ತೋಟಕ್ಕೆ ಬನ್ನಿ. ಮೊದಲು ತೋಟ, ಆಮೇಲೆ ತೊಟ್ಟಿ, ಕೊನೆಗೆ ಲೋಟ. ಈ ಕ್ರಮ ತಪ್ಪಿಸಿ ನೇರ ಲೋಟಕ್ಕೆ ಕೂತವರು ವಾಪಸು ಹೋಗುವಾಗ ಬಾಟಲಿಯ ಬೆಲೆ ಬಿಟ್ಟು ಬೇರೇನೂ ನೆನಪಿಟ್ಟುಕೊಂಡಿರುವುದಿಲ್ಲ. ಮಣ್ಣು ಕೈಗೆ ತೆಗೆದುಕೊಳ್ಳಿ. ಕಸಿಗೆ ಬಳಸಿದ ಬೇರು ಯಾವ ಜಾತಿಯದು, ನೀರು ಯಾವಾಗ ನಿಲ್ಲಿಸುತ್ತೀರಿ, ಎಕರೆಗೆ ಎಷ್ಟು ಇಳುವರಿ ಬಿಡುತ್ತೀರಿ ಎಂದು ಕೇಳಿ. ‘ಇದರಲ್ಲಿ ಯಾವ ಹಣ್ಣಿನ ಪರಿಮಳ ಬರುತ್ತದೆ’ ಎನ್ನುವ ಪ್ರಶ್ನೆಗಿಂತ ಇವು ಹೆಚ್ಚು ತಿಳಿಸುತ್ತವೆ.

ಒಂದು ಮಾರ್ಚಿನಲ್ಲಿ ಚಿಕ್ಕಪ್ಪ ಬಂದಿದ್ದರು. ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಸಾಲಿನೊಳಗೆ ಹೋದವರೇ ಎಲೆ ತಿರುಗಿಸಿ ಅಡಿಭಾಗ ನೋಡಿದರು. ಆಮೇಲೆ ಒಂದು ಕ್ಯಾಬರ್ನೆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ತಿರುಳು ನುಂಗಿ, ಬೀಜವನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿದರು. ವೈನ್ ಮಾಡುವವರು ಮಾಡುವುದೂ ಅದನ್ನೇ. ಬೀಜ ಕಂದಾಗಿ ಪಟ್ಟೆಂದು ಒಡೆಯಬೇಕು, ಹಸಿರಾಗಿ ಮೆತ್ತಗಿದ್ದರೆ ವೈನಿನಲ್ಲಿ ಕಹಿ ಒಗರು ಉಳಿಯುತ್ತದೆ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಅರವತ್ತು ವರ್ಷ ಅಡಿಕೆ ಕಚ್ಚಿ ಹದ ನೋಡಿದ ಹಲ್ಲು ಅದು.

“ಒಗರು ಇನ್ನೂ ಹಸಿ ಇದೆ ಮಾರಾಯ. ನಾಲ್ಕು ದಿನ ಬಿಡು,” ಎಂದರು.

ಸಕ್ಕರೆ ಅಳೆಯುವ ಮಾಪಕ ಆಗಲೇ ಕೊಯ್ಲಿಗೆ ಸಾಕಾಗುವ 23 ಬ್ರಿಕ್ಸ್ ತೋರಿಸುತ್ತಿತ್ತು, ಮಾರನೇ ದಿನ ಕೊಯ್ಯಲು ಆಳು ಹೇಳಿಯಾಗಿತ್ತು. ನಾನೂ ನಾಲ್ಕು ಸಾಲು ನಡೆದು ಇಪ್ಪತ್ತು ಹಣ್ಣಿನ ಬೀಜ ಕಚ್ಚಿ ನೋಡಿದೆ. ಸಂಜೆ ಮೇಸ್ತ್ರಿಗೆ ಫೋನ್ ಮಾಡಿ ಕೊಯ್ಲನ್ನು ಶನಿವಾರಕ್ಕೆ ಮುಂದೂಡಿದೆ.